ಕಲ್ಲನ್ನು ಒಂದೊಂದಾಗಿ ತೂಗಿಸಿ: ಅಲೆತಡೆ ಕಾಮಗಾರಿಯ ಎಂಜಿನಿಯರರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯನಿರ್ವಾಹಕ ಎಂಜಿನಿಯರರು,
ಅಳಿವೆಯ ಅಲೆತಡೆ ಕಾಮಗಾರಿ,
ಕಾಸರಗೋಡು ಜಿಲ್ಲೆ

ವಿಷಯ: ಅಲೆತಡೆಗೆ ಹಾಕುತ್ತಿರುವ ಕಲ್ಲುಗಳ ಗಾತ್ರದ ಏರುಪೇರು ಮತ್ತು ಅದರಿಂದಾದ ಕುಸಿತ

ಮಾನ್ಯರೇ,

ದೀಪಾವಳಿ ಕಳೆದ ಮೇಲೆ ಅಳಿವೆಯ ಕಡೆಗೆ ಟಿಪ್ಪರ್‌ಗಳ ಓಡಾಟ ಮತ್ತೆ ಶುರುವಾಗಿದೆ. ಮಳೆಗಾಲದಲ್ಲಿ ಕುಸಿದ ಜಾಗಕ್ಕೆ ಮೇಲಿನಿಂದ ಕಲ್ಲು ಸುರಿದು ಮುಚ್ಚಲಾಗುತ್ತಿದೆ. ಕುಸಿದದ್ದು ಯಾಕೆ ಎಂದು ವಿಚಾರಿಸಿದಾಗ ಸಿಕ್ಕಿದ ಉತ್ತರ ಎರಡು: ಈ ಸಲ ಕಡಲು ಜೋರಿತ್ತು, ಕಲ್ಲಿನ ಸರಾಸರಿ ತೂಕ ಸರಿಯಾಗಿಯೇ ಇದೆ, ಬೇಕಾದರೆ ವೇಬ್ರಿಜ್ ಚೀಟಿ ನೋಡಿ. ಮಳೆಗಾಲದಲ್ಲಿ ಕಡಲು ಜೋರಿರುವುದು ಹೊಸ ಸಂಗತಿಯಲ್ಲ, ಅದಕ್ಕೆ ತಡೆ ಕೊಡಲೆಂದೇ ಈ ಕಾಮಗಾರಿ. ಆದ್ದರಿಂದ ಈ ಪತ್ರ ಎರಡನೆಯ ಉತ್ತರದ ಬಗ್ಗೆ.

ಯಾವ ಅಳಿವೆ ಎಂದು ಬೇಕೆಂದೇ ಬರೆದಿಲ್ಲ. ತಮಗೆ ಗೊತ್ತಿದೆ. ತಲಪಾಡಿಯಿಂದ ತೃಕ್ಕರಿಪುರದವರೆಗೆ ಬೇರೆ ಕಡೆ ಕಲ್ಲು ಹಾಕಿಸುತ್ತಿರುವವರು ಇದನ್ನು ತಮ್ಮದೇ ಅಳಿವೆ ಎಂದುಕೊಂಡು ಓದಿದರೂ ತಪ್ಪಿಲ್ಲ.

ಮೊದಲು ಕಣ್ಣಿಗೆ ಕಂಡದ್ದನ್ನು ಹೇಳುತ್ತೇವೆ. ಇಳಿತದ ಹೊತ್ತಿಗೆ ಕಡಲ ಬದಿಯಿಂದ ನೋಡಿದರೆ, ತುದಿಗಿಂತ ಸ್ವಲ್ಪ ಈಚೆ ಇಳಿಜಾರು ಹೊಟ್ಟೆ ಒಳಗೆ ಎಳೆದುಕೊಂಡ ಹಾಗೆ ತಗ್ಗಾಗಿದೆ. ತಗ್ಗಿನ ಮೇಲಂಚಿನಲ್ಲಿ, ಅಲೆ ನೇರವಾಗಿ ಬಡಿಯುವ ಮಟ್ಟದಲ್ಲಿ, ತೆಂಗಿನಕಾಯಿ ಗಾತ್ರದಿಂದ ಹಿಡಿದು ಅಕ್ಕಿಮುಡಿ ಗಾತ್ರದವರೆಗಿನ ಕಲ್ಲುಗಳೇ ತುಂಬಿವೆ. ದೊಡ್ಡ ಕಲ್ಲುಗಳು ಇಲ್ಲವೆಂದಲ್ಲ, ಅವು ಬುಡದಲ್ಲಿ ನೀರೊಳಗೆ ಕೂತಿವೆ. ನಡುನಡುವೆ ಹಾಸುಗಲ್ಲಿನಂಥ ಚಪ್ಪಟೆ ಕಲ್ಲುಗಳು ಇಳಿಜಾರಿಗೆ ಬೆನ್ನು ಕೊಟ್ಟು ಮಲಗಿವೆ. ಅಲೆತಡೆಯ ದಂಡೆಯ ನೆತ್ತಿಯಲ್ಲಿ ಟಿಪ್ಪರ್ ಓಡಲೆಂದು ಹಾಕಿದ ಚರಳುಮಣ್ಣು ಹಾಗೇ ಉಳಿದಿದೆ. ಅಲೆ ಹಿಂದೆ ಸರಿಯುವಾಗ ಕಲ್ಲಿನ ಸಂದಿಗಳಿಂದ ಕೆಂಪು ನೀರು ಇಳಿಯುವುದನ್ನು ಯಾರು ಬೇಕಾದರೂ ನೋಡಬಹುದು. ಇವು ನಾಲ್ಕು ಬೇರೆ ಬೇರೆ ದೋಷಗಳ ಹಾಗೆ ಕಾಣುತ್ತವೆ. ನಮ್ಮ ತಿಳಿವಳಿಕೆಯಲ್ಲಿ ಇವೆಲ್ಲದರ ಮೂಲ ಒಂದೇ, ಯಾವ ಗಾತ್ರದ ಕಲ್ಲು ಎಲ್ಲಿ ಕೂರುತ್ತಿದೆ ಎಂಬುದನ್ನು ಯಾರೂ ನೋಡುತ್ತಿಲ್ಲ.

ಗಾತ್ರ ಯಾಕೆ ಅಷ್ಟು ಮುಖ್ಯ ಎಂಬುದು ತಮಗೆ ಹೊಸತಲ್ಲ, ಓದುವ ಉಳಿದವರಿಗಾಗಿ ಬರೆಯುತ್ತೇವೆ. ಕಲ್ಲುರಾಶಿಯ ಅಲೆತಡೆ ಅಲೆಯನ್ನು ಗೋಡೆಯ ಹಾಗೆ ಎದುರಿಸಿ ನಿಲ್ಲುವುದಿಲ್ಲ. ಅದು ಅಲೆಯನ್ನು ಒಳಗೆ ಬಿಟ್ಟುಕೊಂಡು, ಸಂದಿಗಳಲ್ಲಿ ಸುತ್ತಾಡಿಸಿ, ದಣಿಸಿ ಹೊರಗೆ ಕಳಿಸುತ್ತದೆ. ಏತಡ್ಕದ ಕಡೆ ಹೊಳೆಗೆ ಕಟ್ಟ ಕಟ್ಟುವವರು ಕಲ್ಲಿನ ಜೊತೆ ಮಣ್ಣು ಮೆತ್ತುತ್ತಾರೆ, ಅಲ್ಲಿ ನೀರು ನಿಲ್ಲಬೇಕು. ಇಲ್ಲಿ ನೀರು ಹೊಗಬೇಕು, ಹೊರಡಬೇಕು. ಅಲೆ ಮೇಲೆ ನುಗ್ಗುವಾಗ ಕಲ್ಲನ್ನು ಇಳಿಜಾರಿನತ್ತ ಒತ್ತುತ್ತದೆ, ಆಗ ಅಪಾಯ ಕಡಿಮೆ. ಅದೇ ನೀರು ಕೆಳಗಿಳಿಯುವಾಗ, ಒಳಗೆ ಹೊಕ್ಕ ನೀರೂ ಹೊರಗೆ ನುಗ್ಗುತ್ತದೆ; ಆ ಎಳೆತ ಕಲ್ಲನ್ನು ಹಿಂದಿನಿಂದ ದೂಡಿ ಎತ್ತುತ್ತದೆ. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಈ ಎಳೆತ ಅತಿ ಹೆಚ್ಚು. ಅಲ್ಲಿ ಒಂದು ಸಣ್ಣ ಕಲ್ಲು ಹೊರಟರೆ, ಹಲ್ಲು ಬಿದ್ದ ಜಾಗದ ಅಕ್ಕಪಕ್ಕದ ಹಲ್ಲು ಸಡಿಲವಾಗುವ ಹಾಗೆ, ಅದರ ಆಸರೆಯಲ್ಲಿದ್ದ ದೊಡ್ಡ ಕಲ್ಲೂ ಅಲುಗಾಡತೊಡಗುತ್ತದೆ.

ಕಲ್ಲಿನ ತೂಕ ಎಷ್ಟಿರಬೇಕು ಎಂಬುದಕ್ಕೆ ಲೋಕವೆಲ್ಲ ಬಳಸುವ ಸೂತ್ರ ಅಮೆರಿಕದ ರಾಬರ್ಟ್ ಹಡ್ಸನ್ 1950ರ ದಶಕದಲ್ಲಿ ಮಾದರಿ ಪ್ರಯೋಗಗಳಿಂದ ಕೊಟ್ಟದ್ದು. ಅದರ ಮುಖ್ಯ ಮಾತು ಇಷ್ಟು: ಬೇಕಾದ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಲೆ ಹತ್ತು ಶೇಕಡಾ ಎತ್ತರವಾದರೆ ಕಲ್ಲು 33 ಶೇಕಡಾ ಭಾರವಾಗಬೇಕು. ಒಂದು ಲೆಕ್ಕ ಹಾಕೋಣ. ದಂಡೆಯ ಎದುರು ಒಡೆಯುವ ಅಲೆ 3 ಮೀಟರ್, ಇಳಿಜಾರು ಎರಡಕ್ಕೆ ಒಂದು (ಎರಡು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಎತ್ತರ), ಕರಿಕಲ್ಲಿನ ಸಾಂದ್ರತೆ ಘನ ಮೀಟರಿಗೆ 2.65 ಟನ್, ಸಮುದ್ರದ ನೀರಿನದು 1.025, ಒರಟು ಕಲ್ಲಿನ ಎರಡು ಪದರಕ್ಕೆ ಸ್ಥಿರತಾ ಗುಣಾಂಕ, ಅಂದರೆ ಕಲ್ಲು ಅಲೆಗೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದರ ಅಂಕಿ, 2. ಬರುವ ತೂಕ ಸುಮಾರು 4.5 ಟನ್. ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. 1 ಟನ್ನಿನ ಕಲ್ಲು ಇದೇ ಇಳಿಜಾರಿನಲ್ಲಿ 1.8 ಮೀಟರ್ ಅಲೆಗೆ ಸಾಕು, ಅರ್ಧ ಟನ್ನಿನದು 1.4 ಮೀಟರಿಗೆ. ಅಂದರೆ ಅರ್ಧ ಟನ್ನಿನ ಕಲ್ಲು ಬಿಸಿಲುಗಾಲವಿಡೀ ಗಟ್ಟಿಯಾಗಿ ಕೂತಿರುತ್ತದೆ, ನೋಡಿದವರಿಗೆ ಏನೂ ತಪ್ಪು ಕಾಣುವುದಿಲ್ಲ. ಆಟಿಯ, ಅಂದರೆ ನಡುಮಳೆಗಾಲದ, ಕಡಲಿಗೆ ಅದು ಕಲ್ಲೇ ಅಲ್ಲ.

ಇನ್ನೊಂದು ಸಂಗತಿ ಮೇಸ್ತ್ರಿಗಳನ್ನೂ ಮೋಸ ಮಾಡುತ್ತದೆ. 'ಸ್ವಲ್ಪ ಸಣ್ಣದು ಅಷ್ಟೆ' ಎಂದು ಕಣ್ಣು ಹೇಳುವುದನ್ನು ತಕ್ಕಡಿ ಒಪ್ಪುವುದಿಲ್ಲ. ಬದಿ 1.2 ಮೀಟರ್ ಇರುವ ಘನಾಕಾರದ ಕರಿಕಲ್ಲು 4.6 ಟನ್ ತೂಗುತ್ತದೆ. ಬದಿ 1 ಮೀಟರಿನದು 2.65 ಟನ್. ಒಂದು ಗೇಣಿಗಿಂತ ಕಡಿಮೆ ವ್ಯತ್ಯಾಸ, ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು.

ಹಡ್ಸನ್ ಸೂತ್ರವನ್ನು ಬಳಸುವಾಗ ಅದರ ಜೊತೆಗೇ ಬರುವ ಷರತ್ತನ್ನು ಮಾತ್ರ ನಮ್ಮ ಕಾಮಗಾರಿಗಳಲ್ಲಿ ಮರೆತುಬಿಡುವುದುಂಟು. ಲೆಕ್ಕದಿಂದ ಬಂದ ತೂಕದ ಮುಕ್ಕಾಲು ಭಾಗಕ್ಕಿಂತ ಕಡಿಮೆ, ಒಂದೂಕಾಲು ಪಟ್ಟಿಗಿಂತ ಹೆಚ್ಚು ತೂಕದ ಕಲ್ಲು ಅಲೆಗೆ ಎದುರಾಗುವ ಮೇಲ್ಪದರಕ್ಕೆ ಬರಬಾರದು. ಕಲ್ಲುಗಳಲ್ಲಿ ಅರ್ಧದಷ್ಟಾದರೂ ಲೆಕ್ಕದ ತೂಕವನ್ನು ಮೀರಿರಬೇಕು. 4.5 ಟನ್ನಿನ ಲೆಕ್ಕಕ್ಕೆ ಇದು 3.4ರಿಂದ 5.6 ಟನ್. ಅಕ್ಕಿಮುಡಿ ಗಾತ್ರಕ್ಕೆ ಇದರಲ್ಲಿ ಜಾಗ ಇಲ್ಲ.

ಈಗ ವೇಬ್ರಿಜ್ ಚೀಟಿಗೆ ಬರೋಣ. ವೇಬ್ರಿಜ್ ಲಾರಿಯ ತೂಕ ಹೇಳುತ್ತದೆ, ಅದರೊಳಗಿನ ಕಲ್ಲಿನ ತೂಕ ಹೇಳುವುದಿಲ್ಲ. ಒಂದು ಲಾರಿಯಲ್ಲಿ 5 ಟನ್ನಿನ ಎರಡು ಕಲ್ಲು, ಅರ್ಧ ಟನ್ನಿನ ಎಂಟು ಕಲ್ಲು ಇವೆ ಎಂದುಕೊಳ್ಳಿ. ಒಟ್ಟು 14 ಟನ್. ಕಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ 1.4 ಟನ್. ತೂಕದ ಮೇಲೆ ಮಧ್ಯಮ ಹಿಡಿದರೆ, ಅಂದರೆ ಒಟ್ಟು ತೂಕದ ಅರ್ಧ ಯಾವ ಕಲ್ಲಿನ ಮೇಲೆ ನಿಲ್ಲುತ್ತದೆ ಎಂದು ನೋಡಿದರೆ, 5 ಟನ್, ಯಾಕೆಂದರೆ 14ರಲ್ಲಿ 10 ಟನ್ ಆ ಎರಡೇ ಕಲ್ಲುಗಳದ್ದು. ಅದೇ ಲಾರಿ, ಅವೇ ಕಲ್ಲು. ಒಂದು ಲೆಕ್ಕದಲ್ಲಿ ತಿರಸ್ಕಾರ, ಇನ್ನೊಂದರಲ್ಲಿ ಭೇಷ್. ತಮ್ಮ ಕಚೇರಿ 'ಸರಾಸರಿ' ಎಂದಾಗ ಯಾವ ಸರಾಸರಿ ಎಂಬುದನ್ನು ದಯವಿಟ್ಟು ಬರೆದು ತಿಳಿಸಬೇಕು. ಹತ್ತರಲ್ಲಿ ಎಂಟು ಕಲ್ಲು ಅಲೆಗೆ ನಿಲ್ಲದವು ಎಂಬ ಸಂಗತಿ ಮಾತ್ರ ಎರಡೂ ಲೆಕ್ಕಗಳಲ್ಲಿ ಬದಲಾಗುವುದಿಲ್ಲ.

ಇಲ್ಲಿ ನ್ಯಾಯವಾಗಿ ಎದುರು ಪಕ್ಷದ ವಾದವನ್ನೂ ಹೇಳಬೇಕು. ನೆದರ್ಲೆಂಡಿನ ವಾನ್ ಡರ್ ಮೀರ್ 1988ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಕಲ್ಲಿನ ಗಾತ್ರದ ಹರವನ್ನು ಬೇರೆಯಾಗಿಯೇ ಪರೀಕ್ಷಿಸಿದ್ದಾರೆ. ಸಣ್ಣ ಕಡೆಯ ಮತ್ತು ದೊಡ್ಡ ಕಡೆಯ ಕಲ್ಲುಗಳ ವ್ಯಾಸದ ಅನುಪಾತ 1.25 ಇದ್ದಾಗಲೂ 2.25 ಇದ್ದಾಗಲೂ, ಮಧ್ಯಮ ಗಾತ್ರ ಒಂದೇ ಆಗಿದ್ದರೆ ಸ್ಥಿರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯಾಸದಲ್ಲಿ 2.25 ಎಂದರೆ ತೂಕದಲ್ಲಿ 11 ಪಟ್ಟು. ಮೇಲೆ ಹೇಳಿದ ಲಾರಿ ಕೂಡ ಈ ಹರವಿನೊಳಗೇ ಬರುತ್ತದೆ! ಗುತ್ತಿಗೆದಾರರ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗದು.

ಆದರೆ ಪ್ರಯೋಗಶಾಲೆಯ ತೊಟ್ಟಿಯಲ್ಲಿ ದೊಡ್ಡದು ಸಣ್ಣದು ಹದವಾಗಿ ಬೆರೆತಿರುತ್ತವೆ. ಅಳಿವೆಯಲ್ಲಿ ಟಿಪ್ಪರ್ ಹಿಂದಕ್ಕೆ ಬಂದು, ಡಬ್ಬ ಎತ್ತಿ, ನೆತ್ತಿಯಿಂದ ಸುರಿಯುತ್ತದೆ. ಸುರಿದಾಗ ಏನಾಗುತ್ತದೆ ಎಂಬುದನ್ನು ಅಂಗಳದಲ್ಲಿ ಜಲ್ಲಿ ಇಳಿಸಿದವರೆಲ್ಲ ನೋಡಿದ್ದಾರೆ: ದೊಡ್ಡ ಕಲ್ಲು ಉರುಳಿ ಬುಡ ಸೇರುತ್ತದೆ, ಸಣ್ಣದು ಮೇಲೆಯೇ ನಿಲ್ಲುತ್ತದೆ. ಅಲೆಯ ಏಟು ಅತಿ ಹೆಚ್ಚು ಬೀಳುವುದು ನೀರಿನ ಮಟ್ಟದ ಮೇಲೆ ಕೆಳಗೆ ಸುಮಾರು ಒಂದು ಅಲೆಯೆತ್ತರದಷ್ಟು ಪಟ್ಟಿಯಲ್ಲಿ. ಸುರಿಯುವ ವಿಧಾನ ಸರಿಯಾಗಿ ಅದೇ ಪಟ್ಟಿಗೆ ಅತಿ ಸಣ್ಣ ಕಲ್ಲನ್ನು ಆರಿಸಿ ಕೊಡುತ್ತದೆ. ಗಾತ್ರದ ಹರವು ಹೆಚ್ಚಿದಷ್ಟೂ ಈ ಬೇರ್ಪಡೆ ಹೆಚ್ಚು. ಇದಲ್ಲದೆ ಸುರಿದ ರಾಶಿ ತನ್ನಷ್ಟಕ್ಕೆ ನಿಲ್ಲುವ ಇಳಿಜಾರು ಒಂದೂಕಾಲಕ್ಕೆ ಒಂದರ ಆಸುಪಾಸು, ನಕ್ಷೆಯ ಎರಡಕ್ಕೆ ಒಂದಕ್ಕಿಂತ ಬಹಳ ಕಡಿದು. ಉಳಿದ ಇಳಿಜಾರನ್ನು ಕಡಲು ಮಾಡಿಕೊಳ್ಳುತ್ತದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1812ರಲ್ಲಿ ಶುರುವಾದ ಅಲೆತಡೆಗೂ ಹೀಗೇ ಆಯಿತು. ಸುರಿದ ಕಲ್ಲನ್ನು 1817 ಮತ್ತು 1824ರ ಬಿರುಗಾಳಿಗಳು ಕದಲಿಸಿ, ಇಳಿಜಾರನ್ನು ತಮಗೆ ಬೇಕಾದಷ್ಟು ಚಪ್ಪಟೆ ಮಾಡಿಕೊಂಡವು. ಇನ್ನೂರು ವರ್ಷದ ಹಿಂದಿನ ಪಾಠವನ್ನು ಮತ್ತೆ ಹೊಸದಾಗಿ ದುಡ್ಡು ಕೊಟ್ಟು ಕಲಿಯುವ ಅಗತ್ಯ ನಮಗಿಲ್ಲ.

ಆದ್ದರಿಂದಲೇ ಮೇಲ್ಪದರಕ್ಕೆ ಕಿರಿದಾದ ಹರವು ಬೇಕು ಎನ್ನುವುದು, ವ್ಯಾಸದ ಅನುಪಾತ 1.5ರ ಒಳಗೆ. ಯುರೋಪಿನ ಮಾನಕದಲ್ಲಿ 3ರಿಂದ 6 ಟನ್ ಎಂಬ ವರ್ಗವಿದೆ. ಅದರಲ್ಲಿ 3 ಟನ್ನಿಗಿಂತ ಹಗುರವಾದವು ಒಟ್ಟು ತೂಕದ ಹತ್ತು ಶೇಕಡಾ ಮೀರಬಾರದು, 2 ಟನ್ನಿಗಿಂತ ಹಗುರವಾದವು ಐದು ಶೇಕಡಾ ಮೀರಬಾರದು. ಗಮನಿಸಿ, ಸರಾಸರಿಗೆ ಮಿತಿ ಹಾಕಿ ಅವರು ಸುಮ್ಮನಾಗಿಲ್ಲ. ಕೆಳಗಿನ ತುದಿಗೂ ಬೇಲಿ ಹಾಕಿದ್ದಾರೆ.

ಸಂದಿ ತುಂಬಿಸುವ ವಿಚಾರ ಇದಕ್ಕಿಂತ ಗಂಭೀರ. ಪಾಗಾರ ಕಟ್ಟುವಾಗ ಕಾಟುಕಲ್ಲಿನ ನಡುವೆ ಚಿಪ್ಪುಕಲ್ಲು ತುರುಕಿ ಬಿಗಿ ಮಾಡುವುದು ನಮ್ಮ ಕಡೆಯ ಒಳ್ಳೆಯ ಕೆಲಸಗಾರನ ಲಕ್ಷಣ. ಅದೇ ಕೈ ಅಲೆತಡೆಯಲ್ಲೂ ಅದನ್ನೇ ಮಾಡುತ್ತದೆ, ಮೇಲ್ಮೈ ಚೆಂದ ಕಾಣಲೆಂದು, ಹಿಟಾಚಿ ಓಡಾಡಲೆಂದು. ಒರಟು ಕಲ್ಲಿನ ಎರಡು ಪದರದಲ್ಲಿ ಸುಮಾರು 37 ಶೇಕಡಾ ಖಾಲಿ ಜಾಗ ಇರಬೇಕು. ಅಲೆ ದಣಿಯುವುದು ಆ ಖಾಲಿಯಲ್ಲಿ. ಅದನ್ನು ಸಣ್ಣ ಕಲ್ಲಿನಿಂದ ತುಂಬಿದರೆ ನೀರು ಹೊರಬರಲು ದಾರಿ ಇಲ್ಲದೆ ಒಳಗಿನ ಒತ್ತಡ ದೊಡ್ಡ ಕಲ್ಲನ್ನೇ ಎತ್ತುತ್ತದೆ, ಅಲೆ ಇನ್ನಷ್ಟು ಮೇಲಕ್ಕೆ ಏರುತ್ತದೆ. ಸ್ವಲ್ಪ ದಿನಕ್ಕೆ ತುರುಕಿದ ಚೂರುಗಳೆಲ್ಲ ತೊಳೆದು ಹೋಗುತ್ತವೆ. ಅವುಗಳ ಆಸರೆಯಲ್ಲೇ ಕೂರಿಸಿದ್ದ ದೊಡ್ಡ ಕಲ್ಲು ಆಗ ತೊಟ್ಟಿಲಿನ ಹಾಗೆ ಆಡತೊಡಗುತ್ತದೆ. ಆಡುವ ಕಲ್ಲು ಮೂಲೆ ಸವೆದು ದುಂಡಗಾಗುತ್ತದೆ, ದುಂಡಗಾದದ್ದು ಉರುಳುತ್ತದೆ.

ನೆತ್ತಿಯ ಚರಳುಮಣ್ಣಿನದು ಇದೇ ಕತೆ, ಇನ್ನೂ ಕೆಟ್ಟದಾಗಿ. ಕೆಲಸಕ್ಕೆ ದಾರಿ ಬೇಕು, ಅದನ್ನು ಒಪ್ಪುತ್ತೇವೆ. ಕೆಲಸ ಮುಗಿದ ಭಾಗದಿಂದ ಅದನ್ನು ಕೆರೆದು ತೆಗೆಯಬೇಕಿತ್ತು. ಈಗ ಮಳೆ ನೀರಿನ ಜೊತೆ ಅದು ಒಡಲಿಗೆ, ಅಂದರೆ ಪದರಗಳ ಒಳಗಿನ ತಿರುಳಿಗೆ, ಇಳಿಯುತ್ತಿದೆ. ಒಡಲಿನಲ್ಲಿ ನೀರು ಹರಿದಾಡುವಷ್ಟು ಸಂದಿ ಇದೆಯೇ ಇಲ್ಲವೇ ಎಂಬುದಕ್ಕೆ ವಾನ್ ಡರ್ ಮೀರ್ ಸೂತ್ರದಲ್ಲಿ ಒಂದು ಅಂಕಿ ಇದೆ. ನೀರು ಸಲೀಸಾಗಿ ಹೊಗುವ, ಪದರ ಪದರವಾಗಿ ಕಟ್ಟಿದ ಅಲೆತಡೆಗೆ 0.4; ನೀರು ಹೊಗದ ಒಡಲಿಗೆ 0.1. ಬೇರೆಲ್ಲ ಹಾಗೇ ಇಟ್ಟು ಇದೊಂದನ್ನು 0.4ರಿಂದ 0.1ಕ್ಕೆ ಇಳಿಸಿದರೆ, ಇಳಿಜಾರಿನ ಮೇಲೆ ಮಗುಚಿ ಬೀಳುವ ಅಲೆಗಳಿಗೆ, ದಂಡೆ ತಡೆಯಬಲ್ಲ ಅಲೆಯ ಎತ್ತರ ಸುಮಾರು 22 ಶೇಕಡಾ ಕುಸಿಯುತ್ತದೆ. ಕಳೆದುಕೊಂಡದ್ದನ್ನು ಮೇಲಿನ ಕಲ್ಲಿನಿಂದಲೇ ತುಂಬಿಕೊಡಬೇಕೆಂದರೆ ಅದರ ತೂಕ ಎರಡು ಪಟ್ಟಿಗಿಂತ ಹೆಚ್ಚಾಗಬೇಕು. 4.5 ಟನ್ನಿನ ಕಲ್ಲು ಹುಡುಕುವುದಕ್ಕೇ ಕೋರೆ ಕೋರೆ ಅಲೆಯುವಾಗ 9 ಟನ್ನಿನದು ಎಲ್ಲಿಂದ ತರುವುದು? ಕೆಂಪು ನೀರು ಇಳಿಯುವುದನ್ನು ನೋಡಿದಾಗ ನಮಗೆ ಕಾಣುವುದು ಈ ಲೆಕ್ಕ.

ಮೇಲ್ಪದರಕ್ಕೂ ಒಡಲಿಗೂ ನಡುವೆ ಬರುವ ನಡುಪದರದ ಕಲ್ಲಿನ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ, ಮುಚ್ಚಿದ ಮೇಲೆ ಕಾಣುವುದಿಲ್ಲವಲ್ಲ. ಅದು ಮೇಲ್ಪದರದ ಕಲ್ಲಿನ ಹತ್ತರಲ್ಲಿ ಒಂದರಿಂದ ಹದಿನೈದರಲ್ಲಿ ಒಂದು ಭಾಗದಷ್ಟು ತೂಗಬೇಕು. ನಮ್ಮ ಉದಾಹರಣೆಗೆ 300ರಿಂದ 450 ಕಿಲೋ. ಮೇಲಿನ ಸಣ್ಣ ಕಲ್ಲುಗಳ ವ್ಯಾಸ ಕೆಳಗಿನ ದೊಡ್ಡ ಕಲ್ಲುಗಳ ವ್ಯಾಸದ ನಾಲ್ಕೈದು ಪಟ್ಟು ಮೀರಿದರೆ ಕೆಳಗಿನದು ಮೇಲಿನ ಸಂದಿಗಳಿಂದ ಹೀರಿ ಹೊರಗೆ ಬರುತ್ತದೆ. 4.5 ಟನ್ನಿನ ಕಲ್ಲಿನ ಬದಿ ಸುಮಾರು 1.2 ಮೀಟರ್, ಅದರ ನಾಲ್ಕನೆಯ ಒಂದು ಭಾಗ 30 ಸೆಂಟಿಮೀಟರ್, ತೂಕ 70 ಕಿಲೋ ಆಸುಪಾಸು. ಅಂದರೆ ಇಬ್ಬರು ಸೇರಿ ಎತ್ತಬಹುದಾದ ಕಲ್ಲನ್ನು ಮೇಲ್ಪದರದ ನೇರ ಕೆಳಗೆ ಹಾಕಿದರೆ ಅದು ಅಲ್ಲಿ ಉಳಿಯುವುದಿಲ್ಲ. ಅದು ಹೊರಟಾಗ ಮೇಲಿನ ದೊಡ್ಡ ಕಲ್ಲು ಕಡಲಿಗೆ ಬೀಳದೆ ಸುಮ್ಮನೆ ಕೆಳಗೆ ಕೂರುತ್ತದೆ. ಹೊಟ್ಟೆ ಒಳಗೆ ಎಳೆದುಕೊಂಡ ಹಾಗಿನ ಆ ತಗ್ಗು ಹೀಗೆ ಆದದ್ದೇ ಎಂಬ ಗುಮಾನಿ ನಮಗಿದೆ. ಬಿಚ್ಚಿ ನೋಡದೆ ಖಚಿತವಾಗಿ ಹೇಳಲಾಗದು, ಬಿಚ್ಚಿ ನೋಡಬೇಕೆಂದೇ ಕೇಳುತ್ತಿದ್ದೇವೆ.

ಆಕಾರದ ಬಗ್ಗೆ ಚಿಕ್ಕದಾಗಿ. ಉದ್ದ ದಪ್ಪದ ಮೂರು ಪಟ್ಟು ಮೀರಿದ ಕಲ್ಲು ಮೇಲ್ಪದರಕ್ಕೆ ಬೇಡ. ಪಟ್ಟೆ ಪಟ್ಟೆಯಾಗಿರುವ ನೈಸ್ ಶಿಲೆ ಸಿಡಿಸಿದಾಗ ಹಲಗೆಯ ಹಾಗೆ ಏಳುವುದುಂಟು, ಅದು ತೂಕಕ್ಕೆ ಪಾಸಾಗುತ್ತದೆ, ಕೆಲಸಕ್ಕೆ ಆಗುವುದಿಲ್ಲ. ಇಳಿಜಾರಿಗೆ ಸಮನಾಗಿ ಮಲಗಿದ ಹಲಗೆಗಲ್ಲಿಗೆ ಅಲೆ ಅಡಿಯಿಂದ ಕೈ ಹಾಕಿದರೆ ಮುಗಿಯಿತು. ಸಿಡಿಮದ್ದಿನಿಂದ ಒಳಗೆ ಬಿರುಕು ಬಿಟ್ಟ ಕಲ್ಲು ಇನ್ನೊಂದು ತಲೆನೋವು: ಕೋರೆಯಲ್ಲಿ 6 ಟನ್, ದಂಡೆಯಲ್ಲಿ ಇಳಿಸುವಾಗ 3 ಮತ್ತು 3. ಸುತ್ತಿಗೆಯಿಂದ ಬಡಿದು ನೋಡಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಬಿರುಕಿನದು ಒಡಕು ಮಡಕೆಯ ದನಿ ಕೊಡುತ್ತದೆ.

ಸಾಂದ್ರತೆಯ ಲೆಕ್ಕ ತಮ್ಮ ಪ್ರಯೋಗಾಲಯಕ್ಕೆ ಗೊತ್ತಿರುವುದೇ, ಆದರೂ ಒಂದು ಅಂಕಿ. ಕಲ್ಲು 2.65ರ ಬದಲು 2.5 ಆದರೆ, ವ್ಯತ್ಯಾಸ ಆರು ಶೇಕಡಾ ಕೂಡ ಇಲ್ಲ. ಬೇಕಾದ ತೂಕ ಮಾತ್ರ 4.5ರಿಂದ ಹತ್ತಿರ ಹತ್ತಿರ 5.7 ಟನ್ನಿಗೆ ಏರುತ್ತದೆ, ನೀರಿನಲ್ಲಿ ಕಲ್ಲು ತನ್ನ ತೂಕದ ಒಂದು ಪಾಲನ್ನು ಕಳೆದುಕೊಳ್ಳುವುದರಿಂದ. ಕೋರೆ ಬದಲಾದಾಗಲೆಲ್ಲ ಪರೀಕ್ಷೆಯೂ ಹೊಸದಾಗಿ ಆಗಬೇಕು. ಮುರಕಲ್ಲಿನ ತುಂಡುಗಳು ಒಡಲಿಗೂ ಬೇಡ.

ತುದಿಗೆ, ಅಂದರೆ ದೀಪದ ಕಂಬ ಬರುವ ದುಂಡು ಭಾಗಕ್ಕೆ, ಪ್ರತ್ಯೇಕ ಲೆಕ್ಕ ಬೇಕು. ಅಲ್ಲಿ ಅಲೆ ಸುತ್ತಿ ಹಾಯುತ್ತದೆ, ಕಲ್ಲಿಗೆ ಪಕ್ಕದ ಕಲ್ಲಿನ ಆಸರೆ ಕಡಿಮೆ. ಸ್ಥಿರತಾ ಗುಣಾಂಕ 2ರಿಂದ 1.6ಕ್ಕೆ ಇಳಿಯುತ್ತದೆ, 4.5 ಟನ್ ಇದ್ದದ್ದು 5.6 ಆಗುತ್ತದೆ. ಈಗ ತುದಿಗೂ ನಡುಭಾಗಕ್ಕೂ ಒಂದೇ ರಾಶಿಯಿಂದ ಕಲ್ಲು ಹೋಗುತ್ತಿದೆ.

ಇಷ್ಟು ಹೇಳಿದಾಗ 'ಹಾಗಾದರೆ ಟೆಟ್ರಾಪಾಡ್ ಹಾಕೋಣ' ಎಂಬ ಮಾತು ಬರುತ್ತದೆ. 1950ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಆ ನಾಲ್ಕು ಕಾಲಿನ ಕಾಂಕ್ರೀಟ್ ಒಳ್ಳೆಯದೇ. ಆದರೆ ಅದರ ಕೆಳಗಿನ ಪದರವೂ ಕಲ್ಲಿನದ್ದೇ. ಕೆಳಗೆ ಇದೇ ಕಲಬೆರಕೆ ಇದ್ದರೆ ಟೆಟ್ರಾಪಾಡೂ ಕೂರುತ್ತದೆ, ಕೂತಾಗ ಕಾಲು ಮುರಿಯುತ್ತದೆ.

ಕೋರೆಯಿಂದ ಬೇಕಾದ ಗಾತ್ರ ಮಾತ್ರ ಬರುವುದಿಲ್ಲ, ಉಳಿದದ್ದನ್ನು ಏನು ಮಾಡುವುದು ಎಂಬ ಗುತ್ತಿಗೆದಾರರ ಪ್ರಶ್ನೆ ನಿಜವಾದದ್ದು. ಐಸ್ಲೆಂಡಿನವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಕೋರೆಯಲ್ಲಿ ಯಾವ ತೂಕದ ಕಲ್ಲು ಎಷ್ಟು ಏಳಬಹುದೆಂದು ಮೊದಲೇ ಅಂದಾಜು ಮಾಡಿ, ಬಂದದ್ದನ್ನು ಕೋರೆಯಲ್ಲೇ ಕಿರಿದಾದ ಹಲವು ವರ್ಗಗಳಾಗಿ ಬೇರ್ಪಡಿಸಿ, ಅತಿ ದೊಡ್ಡದನ್ನು ಅಲೆ ಅತಿ ಜೋರಿರುವ ಜಾಗಕ್ಕೆ ಇಟ್ಟು, ಉಳಿದದ್ದಕ್ಕೆ ಒಳಗೆ ಜಾಗ ಕೊಡುವ ಹಾಗೆ ಅವರು ವಿನ್ಯಾಸವನ್ನೇ ಮಾಡುತ್ತಾರೆ. ಕಲ್ಲು ದಂಡ ಆಗುವುದು ಕಡಿಮೆ. ನಮ್ಮಲ್ಲಿ ನಕ್ಷೆ ಒಂದು ಕಡೆ, ಕೋರೆ ಒಂದು ಕಡೆ. ಎರಡೂ ಭೇಟಿಯಾಗುವುದು ಟಿಪ್ಪರ್ ಡಬ್ಬದಲ್ಲಿ. ವಿನ್ಯಾಸವನ್ನು ಪರೀಕ್ಷಿಸಿ ಕೊಡಲು ಪುಣೆಯ ಖಡಕವಾಸಲಾದಲ್ಲಿ, 1916ರಲ್ಲಿ ಶುರುವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಿದೆ. ಅಷ್ಟು ದೂರ ಬೇಡವೆಂದರೆ ಗಡಿ ದಾಟಿದ ಮೇಲೆ ಸ್ವಲ್ಪ ಹೊತ್ತಿನ ದಾರಿಯಲ್ಲಿ ಸುರತ್ಕಲ್ಲಿನ ಎನ್‌ಐಟಿಕೆ ಎಂಬ ಎಂಜಿನಿಯರಿಂಗ್ ಸಂಸ್ಥೆ ಇದೆ, ಅಲ್ಲಿ ಕಲ್ಲಿನ ಅಲೆತಡೆಗಳ ಮೇಲೆ ಅಲೆತೊಟ್ಟಿಯಲ್ಲಿ ಕೆಲಸ ಮಾಡಿದವರಿದ್ದಾರೆ.

ಈಗ ನಮ್ಮ ಬೇಡಿಕೆಗಳು.

ಕುಸಿದ ಭಾಗದ ಮೇಲೆ ಹೊಸ ಕಲ್ಲು ಸುರಿಯುವುದನ್ನು ದಯವಿಟ್ಟು ಈಗಲೇ ನಿಲ್ಲಿಸಿ. ಮುಚ್ಚಿದ ತಪ್ಪನ್ನು ಆಮೇಲೆ ಹುಡುಕಲಾಗದು. ಅಲ್ಲಿ ಸೇರಿರುವ ಸಣ್ಣ ಕಲ್ಲು ತೆಗೆಸಿ, ನಡುಪದರ ಕಾಣುವವರೆಗೆ ಬಿಚ್ಚಿಸಿ, ಅದರ ಕಲ್ಲನ್ನೂ ತೂಗಿಸಿ. ಆಮೇಲೆ ಬುಡದಿಂದ ಮೇಲಕ್ಕೆ, ಒಂದೊಂದೇ ಕಲ್ಲನ್ನು ಹಿಟಾಚಿಯಿಂದ ಹಿಡಿದಿಟ್ಟು ಕಟ್ಟಿಸಿ. ಪ್ರತಿ ಕಲ್ಲೂ ಕನಿಷ್ಠ ಮೂರು ಕಡೆ ಬೇರೆ ಕಲ್ಲಿಗೆ ತಾಗಿ ಕೂರಬೇಕು, ಕಬ್ಬಿಣದ ಸಲಾಕೆಯಿಂದ ಮೀಟಿದರೆ ಆಡಬಾರದು. ಸಂದಿಗೆ ಚೂರು ಬೇಡ. ಎರಡು ಪದರದ ಒಟ್ಟು ದಪ್ಪ 4.5 ಟನ್ನಿನ ಕಲ್ಲಿಗೆ 2.4 ಮೀಟರ್ ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಒಂದೇ ಪದರವಿದೆ ಅಥವಾ ಕಲ್ಲು ಸಣ್ಣದಿದೆ ಎಂದರ್ಥ.

ದಂಡೆಯ ಬಾಯಿಯಲ್ಲಿ, ಟಿಪ್ಪರ್ ಒಳಬರುವ ಜಾಗದಲ್ಲೇ, ಮೂರು ಮಾದರಿ ಕಲ್ಲು ಇಡಿಸಿ: ಅತಿ ಕಡಿಮೆ, ನಡು, ಅತಿ ಹೆಚ್ಚು ತೂಕದವು. ಕ್ರೇನ್ ಕೊಕ್ಕೆಯ ತಕ್ಕಡಿಯಲ್ಲಿ ತೂಗಿ, ಬಿಳಿ ಬಣ್ಣದಲ್ಲಿ ತೂಕ ಬರೆಸಿ. ಹಿಟಾಚಿ ನಡೆಸುವವನಿಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ವಾರಕ್ಕೊಮ್ಮೆ ಯಾವುದೇ ಸೂಚನೆ ಇಲ್ಲದೆ ಕನಿಷ್ಠ 50 ಕಲ್ಲು ಆರಿಸಿ ಒಂದೊಂದಾಗಿ ತೂಗಿಸಿ. ಎಲ್ಲವನ್ನೂ ತೂಗಲು ಆಗದಿದ್ದರೆ ಟೇಪು ಸಾಕು: ಉದ್ದ, ಅಗಲ, ದಪ್ಪ ಗುಣಿಸಿ, ಮೂಲೆಮುಕ್ಕುಗಳಿಗಾಗಿ ಸುಮಾರು 0.6ರಿಂದ ಗುಣಿಸಿ, ಸಾಂದ್ರತೆಯಿಂದ ಗುಣಿಸಿದರೆ ಅಂದಾಜು ತೂಕ ಬರುತ್ತದೆ. ಆ 0.6 ಎಂಬುದನ್ನು ಇಪ್ಪತ್ತು ಕಲ್ಲು ನಿಜವಾಗಿ ತೂಗಿ ಆಯಾ ಕೋರೆಗೆ ಸರಿ ಮಾಡಿಕೊಳ್ಳಬೇಕು.

ಬಿಲ್ಲು ಬರೆಯುವ ಪದ್ಧತಿಯೂ ಬದಲಾಗಬೇಕು. ಎಲ್ಲ ಗಾತ್ರಕ್ಕೂ ಸೇರಿಸಿ ಟನ್ನಿಗೆ ಇಷ್ಟು ಎಂದರೆ ಲಾರಿಯ ಖಾಲಿ ಮೂಲೆಯನ್ನು ಸಣ್ಣ ಕಲ್ಲಿನಿಂದ ತುಂಬುವುದು ಯಾವ ವ್ಯಾಪಾರಿಯಾದರೂ ಮಾಡುವ ಕೆಲಸ, ಅದರಲ್ಲಿ ಅವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ವರ್ಗಕ್ಕೊಂದು ದರ, ವರ್ಗಕ್ಕೊಂದು ಲಾರಿ, ಬೆರೆತು ಬಂದರೆ ವಾಪಸ್. ಹೀಗಾದರೆ ಬೇರ್ಪಡಿಸುವ ಕೆಲಸ ಕೋರೆಯಲ್ಲೇ ಆಗುತ್ತದೆ.

ದಂಡೆಯುದ್ದಕ್ಕೂ ಹತ್ತು ಹತ್ತು ಮೀಟರಿಗೆ ಒಂದು ಅಡ್ಡಸೀಳಿನ ಅಳತೆ, ನೀರೊಳಗಿನ ಬುಡವೂ ಸೇರಿದಂತೆ, ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಆಗಬೇಕು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಕೊಚ್ಚಿಹೋದ ಭಾಗದ ಕ್ಷೇತ್ರಫಲ ಸಿಗುತ್ತದೆ. ಅದನ್ನು ಕಲ್ಲಿನ ಬದಿಯ ವರ್ಗದಿಂದ ಭಾಗಿಸಿದರೆ ಹಾನಿಯ ಅಂಕ. ಎರಡಕ್ಕೆ ಒಂದು ಇಳಿಜಾರಿಗೆ ಅಂಕ 2 ಎಂದರೆ ಹಾನಿಯ ಆರಂಭ, 8 ಎಂದರೆ ಒಳಪದರ ಬಯಲಾಗಿ ದಂಡೆ ಸೋತ ಹಾಗೆ. 4.5 ಟನ್ನಿನ ಕಲ್ಲಿಗೆ ಇವು ಸುಮಾರು 2.8 ಮತ್ತು 11.4 ಚದರ ಮೀಟರ್. 'ಸ್ವಲ್ಪ ಕುಸಿದಿದೆ' ಎಂಬ ಮಾತಿನ ಜಾಗದಲ್ಲಿ ಒಂದು ಅಂಕಿ ಬಂದರೆ ತಮಗೂ ನಮಗೂ ಜಗಳ ಕಡಿಮೆಯಾಗುತ್ತದೆ.

ನೆತ್ತಿಯ ಚರಳುಮಣ್ಣನ್ನು, ಕೆಲಸ ಮುಗಿದ ಭಾಗದಲ್ಲಾದರೂ, ಮುಂದಿನ ಮಳೆಗೆ ಮೊದಲು ತೆಗೆಸಿ.

ಕೊನೆಯದು ಭಾಷೆಯ ವಿಚಾರ. ಕಾಮಗಾರಿಯ ಫಲಕ ಮಲಯಾಳ ಮತ್ತು ಇಂಗ್ಲಿಷಿನಲ್ಲಿದೆ. ಈ ತೀರದಲ್ಲಿ ಕನ್ನಡ ಓದುವವರು ಎಷ್ಟು ಮಂದಿ ಎಂದು ತಮಗೆ ನಾವು ಹೇಳಬೇಕಾಗಿಲ್ಲ. ಯಾವ ಭಾಗಕ್ಕೆ ಯಾವ ತೂಕದ ಕಲ್ಲು, ವಾರದ ತೂಕದಲ್ಲಿ ಎಷ್ಟು ಪಾಸು ಎಷ್ಟು ವಾಪಸ್, ಇದನ್ನು ಕನ್ನಡದಲ್ಲೂ ಬರೆಸಿ. ದಿನಾ ಆ ದಂಡೆಯ ಪಕ್ಕದಲ್ಲೇ ಹಾದುಹೋಗುವ ಮೀನುಗಾರರು ತಮ್ಮ ಸಂಬಳವಿಲ್ಲದ ಮೇಲ್ವಿಚಾರಕರಾಗುತ್ತಾರೆ.

ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಗೆ ಶುರುವಾಗಿ ಜುಲೈ 31ಕ್ಕೆ ಮುಗಿಯುತ್ತದೆ. ಆ 52 ದಿನ ಕಳೆದ ರಾತ್ರಿ ಬೋಟುಗಳೆಲ್ಲ ಒಟ್ಟಿಗೆ ಈ ಅಳಿವೆ ಬಾಗಿಲಿನಿಂದ ಹೊರಡುತ್ತವೆ, ಕಡಲು ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ. ದಂಡೆಯಿಂದ ಜಾರಿದ ಕಲ್ಲು ಆ ಕಾಲುವೆಯಲ್ಲಿ ಎಲ್ಲಿ ಕೂತಿದೆ ಎಂಬುದು ಪ್ರೊಪೆಲ್ಲರ್ ತಾಗಿದ ಮೇಲೆಯೇ ಗೊತ್ತಾಗುವುದು. ಕೆಲಸಕ್ಕೆ ಸಿಗುವುದು ಈಗಿನಿಂದ ಮೇ ತಿಂಗಳವರೆಗೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲೆ ದಂಡೆಯ ತುದಿಯಲ್ಲಿ ಹಿಟಾಚಿ ನಿಲ್ಲಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಮೊದಲ ಐವತ್ತು ಕಲ್ಲುಗಳ ಅಳತೆಗೆ ತಮ್ಮ ಸಿಬ್ಬಂದಿಯ ಜೊತೆ ನಿಲ್ಲಲು ನಾವು ತಯಾರಿದ್ದೇವೆ. ಟೇಪು, ಸುತ್ತಿಗೆ, ಬಿಳಿ ಬಣ್ಣದ ಡಬ್ಬಿ ನಾವೇ ತರುತ್ತೇವೆ. ಇಳಿತ ನೋಡಿಕೊಂಡು ದಿನ ತಿಳಿಸಿದರೆ ಸಾಕು.

ಇಂತು ತಮ್ಮ ವಿಶ್ವಾಸಿಗಳು,
ಅಳಿವೆ ಬದಿಯ ಮೀನುಗಾರರು ಮತ್ತು ಕಲ್ಲುಕೆಲಸ ಬಲ್ಲವರು,
ಕಾಸರಗೋಡು ಜಿಲ್ಲೆ